ಮೂಗಿಗೆ ತಗುಲಿದ ದೃಷ್ಟಿ

ನಾನು ಬಾಗಿಲು ತೆರೆದ ಕೂಡಲೇ ನಮ್ಮ ಮನೆ ಓನರ್ ಆಂಟಿ ನನ್ನ ಮುಖ ನೋಡಿ ಎದೆಯ ಮೇಲೆ ಕೈಯಿಟ್ಟುಕೊಂಡರು. ಮೂಗು ಚೆಂದ ಕಾಣಲೆಂದು ಆಪರೇಷನ್ ಮಾಡಿಸಿಕೊಂಡು ಉತ್ತರಹಳ್ಳಿಯ ಬಾಡಿಗೆ ಮನೆಗೆ ಆಗಷ್ಟೇ ಬಂದಿದ್ದೆ. ಮೂಗಿನ ಮೇಲೆ ಪಟ್ಟಿ, ಕಣ್ಣ ಕೆಳಗೆಲ್ಲ ನೀಲಿಗಟ್ಟಿದ ಬಾವು. ಆಪರೇಷನ್ ಎಂದು ಎಷ್ಟು ಹೇಳಿದರೂ ಅವರು ಕೇಳಲಿಲ್ಲ. “ಇದು ದೃಷ್ಟಿನೇ ಕಣಮ್ಮ” ಎಂದವರೇ ಕೆಳಗಿನ ತಮ್ಮ ಮನೆಯಿಂದ ಕೆಂಡ ತಂದು, ಉಪ್ಪು, ಒಣಮೆಣಸಿನಕಾಯಿ ನಿವಾಳಿಸಿ ಅದಕ್ಕೆ ಹಾಕಿಬಿಟ್ಟರು.

ನನ್ನ ಜೀವ ಬಾಯಿಗೆ ಬಂತು. ಸೀನಲೇಬಾರದು ಎಂದು ಡಾಕ್ಟರು ಕಟ್ಟುನಿಟ್ಟಾಗಿ ಹೇಳಿ ಕಳಿಸಿದ್ದರು! ದುಪಟ್ಟಾವನ್ನು ಬಾಯಿಗೆ ಒತ್ತಿಕೊಂಡು ನಿಂತೆ. ಬಾತುಕೊಂಡು ಕಟ್ಟಿಹೋಗಿದ್ದ ಮೂಗಿಗೆ ಏನೂ ತಾಗಲೇ ಇಲ್ಲ. ಆಂಟಿ ಮಾತ್ರ ಕೆಮ್ಮಿ, ಸೀನಿ, ಸೆರಗಿನಲ್ಲಿ ಕಣ್ಣೊರೆಸಿಕೊಳ್ಳುತ್ತಾ, “ನಿಂಗೆ ಘಾಟು ಬಂತಾ?” ಎಂದರು. ಇಲ್ಲವೆಂದು ತಲೆಯಾಡಿಸಿದೆ. “ಘಾಟೇ ಬರ್ಲಿಲ್ಲ ಅಂದ್ರೆ ಎಷ್ಟು ದೃಷ್ಟಿ ಆಗಿತ್ತು ನೋಡು!” ಎಂದು ಗೆದ್ದವರಂತೆ ಇಳಿದುಹೋದರು.

ಬಾವು ಇಳಿದು, ಆಸೆಪಟ್ಟ ಹೊಸ ಮೂಗು ಕಾಣಿಸಿಕೊಂಡ ದಿನ ಖುಷಿಯಿಂದ ಮೊದಲು ಅವರಿಗೇ ತೋರಿಸಿದೆ. ಆಂಟಿ ನನ್ನ ಗಲ್ಲ ಹಿಡಿದು ಅತ್ತಿತ್ತ ತಿರುಗಿಸಿ ನೋಡಿ ಹೇಳಿದರು: “ಸದ್ಯ, ಮೊದ್ಲು ಹೆಂಗಿತ್ತೋ ಹಂಗೇ ಆಯ್ತಲ್ಲ!”