ಚೆನ್ನಾಗಿದೆ ಅನ್ನದ ಮನೆ

ಕನ್ನಡಕದ ಅಂಗಡಿಯಲ್ಲಿ ಕೆಲಸಕ್ಕಿದ್ದುಕೊಂಡು, ಗಿರಾಕಿಯ ಮುಖ ನೋಡಿ "ಪರವಾಗಿಲ್ಲ" ಅನ್ನುವವಳನ್ನು ಯಾವ ಮಾಲೀಕ ತಾನೇ ಇಟ್ಟುಕೊಳ್ಳುತ್ತಾನೆ? ಈ ಅಂಗಡಿಯ ಮಾಲೀಕರು ಇಟ್ಟುಕೊಂಡಿದ್ದರು. ಹೊಸ ಫ್ರೇಮು ಏರಿಸಿಕೊಂಡು, ಕನ್ನಡಿಯ ಮುಂದೆ ಅತ್ತ ಇತ್ತ ತಿರುಗಿ, "ಹೇಗಿದೆ ಮೇಡಂ?" ಎಂದು ಆಸೆಯಿಂದ ಕೇಳಿದವರಿಗೆಲ್ಲ ಅವಳದು ಅದೊಂದೇ ಉತ್ತರ. ಕೆಲವರು ಮುಖ ಸಪ್ಪೆ ಮಾಡಿಕೊಂಡು ಎದುರಿನ ಅಂಗಡಿಗೆ ಹೋಗಿಬಿಡುತ್ತಿದ್ದರು. ಮಾಲೀಕರು ಹಣೆ ಹಣೆ ಚಚ್ಚಿಕೊಳ್ಳುತ್ತಿದ್ದರು. "ಒಂದೇ ಒಂದ್ಸಲ ಚೆನ್ನಾಗಿದೆ ಅನ್ನಿ ಅಕ್ಕ, ನಿಮ್ಮ ಗಂಟೇನು ಹೋಗುತ್ತೆ?" ಅವಳು ಆಯಿತೆಂದು ತಲೆಯಾಡಿಸುತ್ತಿದ್ದಳು, ಮರುಗಳಿಗೆಯೇ ಮತ್ತೆ ಪರವಾಗಿಲ್ಲ. ಕಿವಿಗೆ ಒತ್ತುವ ಕಡ್ಡಿಯನ್ನು ಬಿಸಿ ಮಾಡಿ ಹದವಾಗಿ ಬಗ್ಗಿಸುವುದರಲ್ಲಿ, ಮೂಗಿನಿಂದ ಜಾರುವುದನ್ನು ನಿಲ್ಲಿಸುವುದರಲ್ಲಿ ಅವಳ ಕೈ ಪಳಗಿತ್ತು, ಅದಕ್ಕೇ ಅನ್ನ ಉಳಿದಿತ್ತು. ಬೀದಿಯವರ ಬಾಯಲ್ಲಿ ಅವಳು ಪರವಾಗಿಲ್ಲಕ್ಕ.

ಈ ಜಿಪುಣತನ ಹುಟ್ಟಿನಿಂದ ಬಂದದ್ದಲ್ಲ, ಅಪ್ಪ ಕಲಿಸಿದ್ದು. ಅವಳಿಗಾಗ ಎಂಟೋ ಒಂಬತ್ತೋ. ಹಲ್ಲು ಕಟಕಟ ಅನ್ನುವಂಥ ಚಳಿ. ಅಮ್ಮ ಕಿಟಕಿಯ ಪಕ್ಕ ಹೊಲಿಗೆ ಮಿಷನ್ನಿನ ಮುಂದೆ ಕೂತು ಯಾರದೋ ಮನೆಯ ಪರದೆಗೆ ಅಂಚು ಹೊಲಿಯುತ್ತಿದ್ದಳು. ಊರವರ ಕಿಟಕಿಗಳಿಗೆಲ್ಲ ಪರದೆ ಹೊಲಿದುಕೊಡುವುದೇ ಅಮ್ಮನ ಕಸುಬು. ಮೈಮೇಲೆ ಹಸಿರು ಸ್ವೆಟರ್ ಇತ್ತು. ಶಾಲೆಯಿಂದ ಬಂದ ಇವಳು ಅಮ್ಮನ ತೋಳಿಗೆ ಕೆನ್ನೆ ಒತ್ತಿ, "ಅಮ್ಮಾ, ನಿನ್ನ ಸ್ವೆಟರ್ ಎಷ್ಟು ಚೆನ್ನಾಗಿದೆ!" ಅಂದಳು. ಅಂದದ್ದು ಅಷ್ಟೇ. ಬೆಳಗ್ಗೆ ಎದ್ದು ನೋಡಿದರೆ ಅದೇ ಸ್ವೆಟರ್, ತೋಳು ಗಿಡ್ಡವಾಗಿ, ಪಕ್ಕ ಒಳಗೆ ಹಿಡಿದು, ಇವಳ ಅಳತೆಗೆ ಸರಿಯಾಗಿ ಕುರ್ಚಿಯ ಬೆನ್ನಿಗೆ ತೂಗುತ್ತಿತ್ತು. ಆ ಚಳಿಗಾಲ ಪೂರ್ತಿ ಅಮ್ಮ ತೆಳ್ಳನೆಯ ಬಟ್ಟೆಯಲ್ಲೇ ಮಿಷನ್ ತುಳಿದಳು, ಕೆಮ್ಮಿದಳು, ಮಗಳು ಸ್ವೆಟರ್ ಹಾಕಿಕೊಂಡು ಹೊರಟಾಗಲೆಲ್ಲ ಬಾಗಿಲಿಗೆ ಬಂದು ನಿಂತು ನೋಡಿದಳು.

ಅಪ್ಪ ಬಸ್ ಡಿಪೋದಲ್ಲಿ ಮೆಕ್ಯಾನಿಕ್. ಮಾತು ಕಡಿಮೆ. ಒಂದು ಸಂಜೆ ಇವಳನ್ನೂ ಅಣ್ಣನನ್ನೂ ಮೆಟ್ಟಿಲ ಮೇಲೆ ಕೂರಿಸಿಕೊಂಡು ಹೇಳಿದ. "ನೋಡಿ, ಇವತ್ತಿಂದ ನಿಮ್ಮಮ್ಮನ ಯಾವ ವಸ್ತುವನ್ನೂ ಯಾರೂ ಚೆನ್ನಾಗಿದೆ ಅನ್ನಬಾರದು. ಅವಳು ಮೈಮೇಲಿನ ಚರ್ಮಾನೂ ಸುಲಿದು ಕೊಟ್ಟುಬಿಡ್ತಾಳೆ. ತಿಳೀತಾ?" ಮಕ್ಕಳಿಗೆ ತಿಳಿಯಿತು. ಅಮ್ಮನ ಕೆಮ್ಮು ಒಳಗಿಂದ ಕೇಳುತ್ತಲೇ ಇತ್ತಲ್ಲ.

ಅಲ್ಲಿಂದ ಆ ಮನೆಯ ರೀತಿಯೇ ಬೇರೆಯಾಯಿತು. ಅಡುಗೆ ಬಾಯಲ್ಲಿ ನೀರೂರಿಸುವಂತಿದ್ದರೂ ಅಣ್ಣ ತಟ್ಟೆಯಿಂದ ತಲೆ ಎತ್ತುತ್ತಿರಲಿಲ್ಲ. ಬಾಯಿ ತಪ್ಪಿ ಹೊಗಳಿದರೆ ಅಮ್ಮ ಪಾತ್ರೆಯನ್ನೇ ಅವನ ತಟ್ಟೆಗೆ ಬಗ್ಗಿಸಿ, ತಾನು ನೀರು ಕುಡಿದು ಮಲಗುವವಳು. "ಅಡುಗೆ ಹೇಗಿದ್ಯೋ?" ಎಂದು ಅಮ್ಮ ಕೇಳುವುದು, "ಪರವಾಗಿಲ್ಲ" ಎಂದು ಅವನು ಗೊಣಗುವುದು. ಅಮ್ಮನ ಹೊಸ ಚಪ್ಪಲಿ, ಅಮ್ಮನ ಕೊಡೆ, ಕೊನೆಗೆ ಅಮ್ಮನ ತಲೆಗೂದಲು ಕೂಡ ಆ ಮನೆಯಲ್ಲಿ ಬರೀ ಪರವಾಗಿಲ್ಲ.

ಹೊರಗಿನವರಿಗೆ ಈ ಕಟ್ಟುಪಾಡು ಇರಲಿಲ್ಲವಲ್ಲ! ಅವರು ಬಂದರು, ಹೊಗಳಿದರು, ಎತ್ತಿಕೊಂಡು ಹೋದರು. ಕರೆಂಟ್ ಮೀಟರ್ ನೋಡಲು ಬಂದವನು ಗೋಡೆ ಗಡಿಯಾರ ಚೆನ್ನಾಗಿದೆ ಅಂದ. ಸಂಜೆ ಅಪ್ಪ ಬಂದು ಬರಿಗೋಡೆ ನೋಡುತ್ತಾ "ಟೈಮೆಷ್ಟಾಯ್ತು?" ಅಂದರೆ, ಅಣ್ಣ, "ಮೀಟರ್ ನೋಡೋರ ಮನೇಲಿ ಕೇಳ್ಕೊಂಡು ಬರಬೇಕು," ಅಂದ. ಹೂದಾನಿ ಕೆಳಗಿನ ಮನೆಗೆ ಹೋಯಿತು. ರೇಡಿಯೋ ಪಕ್ಕದ ಬೀದಿಗೆ ಹೋಯಿತು. ಆದರೆ ಒಂದು ಮಾತು ಹೇಳಲೇಬೇಕು. ಕೊಡುವ ಮುಂಚೆ ಅಮ್ಮ ತಪ್ಪದೆ ಮಗಳ ಕಡೆ ತಿರುಗಿ, "ನಿಂಗೆ ಬೇಕೇನೇ ಇದು?" ಎಂದು ಕೇಳುತ್ತಿದ್ದಳು. ಮಗಳು ತಪ್ಪದೆ, "ನಂಗ್ಯಾಕಮ್ಮ ಅದು," ಅನ್ನುತ್ತಿದ್ದಳು. ಆಗ ಅಮ್ಮ ಒಂದು ಕ್ಷಣ ಆ ವಸ್ತುವನ್ನು ಕೈಯಲ್ಲಿ ಹಿಡಿದು ನಿಲ್ಲುತ್ತಿದ್ದಳು. ಆ ನಿಲ್ಲುವಿಕೆಯನ್ನು ಯಾರೂ ಗಮನಿಸಲಿಲ್ಲ. ಮನೆಯಲ್ಲಿ ಎಲ್ಲರ ಕಣ್ಣೂ ಹೋಗುತ್ತಿರುವ ವಸ್ತುವಿನ ಮೇಲೆ.

ಅಪ್ಪ ಹೋದ. ಅಣ್ಣ ಲಿಫ್ಟ್ ರಿಪೇರಿಯ ಕೆಲಸ ಹಿಡಿದು ಸಂಸಾರಸ್ಥನಾದ. ಇವಳೂ ಮದುವೆಯಾಗಿ ಎರಡು ಬೀದಿ ಆಚೆ ಮನೆ ಮಾಡಿದಳು. ಅಮ್ಮ ಒಂದು ಕೋಣೆಯಲ್ಲಿ ಮಿಷನ್ ಇಟ್ಟುಕೊಂಡು, "ನನ್ನ ಪಾಡಿಗೆ ನಾನಿರ್ತೀನಿ, ನಿಮ್ಮ ಪಾಡಿಗೆ ನೀವಿರಿ," ಎಂದು ಹಟ ಹಿಡಿದು ಹೊಲಿಯುತ್ತಲೇ ಇದ್ದಳು. ಅಪ್ಪ ಹಾಕಿದ ಕಟ್ಟು ಮಾತ್ರ ಹಾಗೇ ಉಳಿಯಿತು. ಹಾಕಿದವನೇ ಇಲ್ಲದ ಮೇಲೆ ತೆಗೆಯುವವರು ಯಾರು?

ಬ್ಲಾಗು ಶುರುವಾದದ್ದು ಅಣ್ಣನ ಮಗಳಿಂದ. "ಅತ್ತೆ, ನೀನು ಫೋನಲ್ಲಿ ಮಾತಾಡೋದೆಲ್ಲ ಬರೆದರೆ ಜನ ಓದ್ತಾರೆ," ಎಂದು ಆ ಹುಡುಗಿಯೇ ತೆರೆದುಕೊಟ್ಟಳು. ಹೆಸರು, 'ಸುಮ್ಮನೆ ಹೀಗೆ'. ಮಧ್ಯಾಹ್ನ ಅಂಗಡಿಯಲ್ಲಿ ಗಿರಾಕಿಗಳಿಲ್ಲದ ಹೊತ್ತಿನಲ್ಲಿ ಅವಳು ಕೌಂಟರಿನ ಹಿಂದೆ ಕೂತು ಬರೆಯುತ್ತಿದ್ದಳು. ಮೊದಮೊದಲು ಬಸ್ಸಿನಲ್ಲಿ ಕಿಟಕಿ ಸೀಟಿಗೆ ಆಗುವ ಜಗಳ, ಗಂಡನ ಗೊರಕೆ, ಇಂಥವು. ಆಮೇಲೆ ಒಂದು ದಿನ ಅಮ್ಮನ ಬಗ್ಗೆ ಬರೆದಳು ನೋಡಿ, ಕಟ್ಟೆ ಒಡೆಯಿತು. ಹಸಿರು ಸ್ವೆಟರಿನ ಬಗ್ಗೆ ಬರೆದಳು. ಅಮ್ಮನ ಅಡುಗೆಯ ವಾಸನೆ ಮೆಟ್ಟಿಲವರೆಗೆ ಇಳಿದು ಬರುತ್ತಿದ್ದುದನ್ನು ಬರೆದಳು. ಪರದೆಯ ಚೂರುಗಳಿಂದ ಅಮ್ಮ ಮಾಡಿದ ದಿಂಬಿನ ಬಗ್ಗೆ, ದಾರ ಕಚ್ಚಿ ಹರಿಯುವಾಗ ಅಮ್ಮನ ಮುಖ ಕಾಣುವ ಬಗೆಯ ಬಗ್ಗೆ ಬರೆದಳು. ಒಂದು ಕಡೆ ಹೀಗಿದೆ: "ಕೊಡುವವರ ಮನೆಯಲ್ಲಿ ಹುಟ್ಟಿದವರ ಪಾಡು ಯಾರಿಗೂ ಬೇಡ. ನಮಗೆ ಇಷ್ಟವಾದದ್ದನ್ನು ನಾವು ಇಷ್ಟವಿಲ್ಲ ಎಂದು ಹೇಳಿಯೇ ಕಾಪಾಡಬೇಕು. ನನಗೆ ಅಮ್ಮನ ಮನೆಯ ಚಮಚ ಕೂಡ ಇಷ್ಟ. ಅದು ಅಲ್ಲೇ ಇರಲಿ ಎಂದು ಬಾಯಿ ಮುಚ್ಚಿಕೊಂಡಿದ್ದೇನೆ."

ಸ್ವೆಟರಿನ ದಿನದಿಂದ ಬಾಯಿಗೆ ಬಾರದಿದ್ದ 'ಚೆನ್ನಾಗಿದೆ' ಅಲ್ಲಿ ಸಾಲು ಸಾಲಾಗಿ ಬಂತು. ಅಮ್ಮನ ಹತ್ತಿರ ಇದ್ದದ್ದು ಗುಂಡಿ ಒತ್ತುವ ಹಳೇ ಫೋನು, ಆದ್ದರಿಂದ ಭಯವಿರಲಿಲ್ಲ. ಗುರುತು ಪರಿಚಯ ಇಲ್ಲದವರೆಲ್ಲ ಅಮ್ಮನ ದಿಂಬನ್ನು ಬಲ್ಲವರಾದರು. ಅಮ್ಮನೊಬ್ಬಳನ್ನು ಬಿಟ್ಟು ಊರಿಗೆಲ್ಲ ಗೊತ್ತಾಯಿತು, ಈ ಮಗಳಿಗೆ ತಾಯಿಯೆಂದರೆ ಪ್ರಾಣ ಎಂದು.

ಎದೆಯಲ್ಲಿ ನೀರು ತುಂಬಿಕೊಂಡಿದೆ ಎಂದು ಅಮ್ಮನನ್ನು ಆಸ್ಪತ್ರೆಗೆ ಸೇರಿಸಿದರು. ಡಾಕ್ಟರು ಅಣ್ಣನನ್ನೂ ಇವಳನ್ನೂ ಹೊರಗೆ ಕರೆದು, "ಮನೆಗೆ ಹೋಗುವುದು ಕಷ್ಟ. ಜೊತೆಗೆ ಇರಿ," ಅಂದರು. ಜೊತೆಗೆ ಇದ್ದು ಹೇಳಬೇಕಾದದ್ದೇನು ಎಂದು ಇವಳಿಗೆ ಗೊತ್ತಿತ್ತು. ಅಮ್ಮ ಕಣ್ಣು ಮುಚ್ಚುವ ಮೊದಲು ಒಂದು ಸಲ, ಬಾಯಿಬಿಟ್ಟು, ನಿನ್ನದೆಲ್ಲ ನನಗೆ ಇಷ್ಟ ಇತ್ತು ಅನ್ನಬೇಕು. ಹಾಸಿಗೆಯ ಪಕ್ಕ ಕೂತರೆ ನಾಲಿಗೆ ಏಳುತ್ತಿರಲಿಲ್ಲ. ಊಟ ಆಯ್ತಾ, ನಿದ್ದೆ ಬಂತಾ, ಅಷ್ಟೇ. ಅಂಟಿಕೊಂಡ ಅಭ್ಯಾಸ ಎಲ್ಲಿ ಹೋಗುತ್ತದೆ?

ಇವಳು ಹೇಳಲಾರದ್ದನ್ನು ನರ್ಸ್ ಒಬ್ಬಳು ಹೇಳಿಬಿಟ್ಟಳು. ಅವಳು ಆ ಬ್ಲಾಗನ್ನು ತಪ್ಪದೆ ಓದುವವಳು. ಪರದೆ ಹೊಲಿಯುತ್ತಿದ್ದೆ ಎಂದು ಅಮ್ಮ ಹೇಳಿದ್ದು ಕೇಳಿ, ಬಂದು ಹೋಗುವ ಮಗಳನ್ನು ನೋಡಿ, ಎರಡಕ್ಕೂ ಗಂಟು ಹಾಕಿ, "ಅಯ್ಯೋ ಅಜ್ಜಿ, ಹಸಿರು ಸ್ವೆಟರಿನ ಅಮ್ಮ ನೀವೇನಾ!" ಎಂದು ಕುಣಿದಾಡಿ, ಬಿಡುವಾದಾಗಲೆಲ್ಲ ಮೊಬೈಲು ಹಿಡಿದು ಓದಿ ಹೇಳಿದಳಂತೆ. ಪಾಪ, ಅವಳದು ಒಳ್ಳೆಯ ಮನಸ್ಸೇ.

ಸಂಜೆ ಇವಳು ಹೋದಾಗ ಅಮ್ಮ ದಿಂಬಿಗೆ ಒರಗಿ ಕೂತಿದ್ದಳು. ಮಗಳನ್ನು ಅಡಿಯಿಂದ ಮುಡಿಯವರೆಗೆ ಹೊಸಬಳನ್ನು ನೋಡಿದಂತೆ ನೋಡಿದಳು.

"ಅಷ್ಟೊಂದು ಇಷ್ಟ ಇತ್ತೇನೇ ನಿಂಗೆ?"

ಕೇಳಿದ್ದು ಯಾವುದರ ಬಗ್ಗೆ ಎಂದು ಕೇಳಬೇಕಾಗಿರಲಿಲ್ಲ. "ಇತ್ತಮ್ಮ," ಅಂದಳು.

"ಮತ್ತೆ ಒಂದು ದಿನಾನೂ ಹೇಳಲಿಲ್ವಲ್ಲೇ. ನಾನು ಏನು ಮಾಡಿದರೂ ನನ್ನ ಮಕ್ಕಳಿಗೆ ಹಿಡಿಸಲ್ಲ ಅಂದ್ಕೊಂಡಿದ್ದೆ. ಬೇಕಾ ಅಂದರೆ ಬೇಡ ಅನ್ನೋಳು ನೀನು. ಮನೆಯವರಿಗೆ ಬೇಡದ್ದನ್ನ ಇಟ್ಕೊಂಡು ಏನು ಮಾಡಲಿ ಅಂತ, ಇಷ್ಟ ಅಂದವರಿಗೆಲ್ಲ ಕೊಟ್ಟೆ."

ಇವಳು ಅಪ್ಪ ಮೆಟ್ಟಿಲ ಮೇಲೆ ಹೇಳಿದ್ದನ್ನೆಲ್ಲ ಹೇಳಿದಳು. ಹೇಳುತ್ತಾ ಅತ್ತಳು. ಅಮ್ಮ ಅಳಲಿಲ್ಲ. "ನಿಮ್ಮಪ್ಪ ನನ್ನ ಒಂದು ಮಾತು ಕೇಳಬಹುದಿತ್ತು," ಅಂದಳು. "ನೀನು ಆ ಸ್ವೆಟರ್ ಹಾಕ್ಕೊಂಡು ಓಡಾಡ್ತಿದ್ದಾಗ ನಂಗೆ ಚಳಿ ಎಲ್ಲಿತ್ತು?"

ಆಮೇಲೆ ಮಕ್ಕಳು ಹಟ ಮಾಡುವಂತೆ, "ಈಗ ಹೇಳು. ನಂದು ಏನಾದರೂ ಒಂದು ಚೆನ್ನಾಗಿದೆ ಅನ್ನು. ನನ್ನ ಮುಂದೆ ಹೇಳು," ಅಂದಳು.

ಇವಳು ಸುತ್ತ ನೋಡಿದಳು. ಹೊದಿಕೆ ಆಸ್ಪತ್ರೆಯದು. ತೊಟ್ಟ ಅಂಗಿ ಆಸ್ಪತ್ರೆಯದು. ಲೋಟ, ತಟ್ಟೆ, ಮಂಚ, ಎಲ್ಲಕ್ಕೂ ಆಸ್ಪತ್ರೆಯ ನಂಬರು. ಇಡೀ ಬೀದಿಗೆ ಸಂಸಾರ ಹಂಚಿದ ಹೆಂಗಸಿನ ಮೈಮೇಲೆ ತನ್ನದು ಅನ್ನುವಂಥದ್ದು ಒಂದೇ ಒಂದು ಉಳಿದಿತ್ತು. ಅಮ್ಮ ಕಾಯುತ್ತಿದ್ದಳು. ಹಿಂದು ಮುಂದು ನೋಡದೆ ಇವಳ ಬಾಯಿಂದ ಬಂದುಬಿಟ್ಟಿತು. "ನಿನ್ನ ಕನ್ನಡಕ ಚೆನ್ನಾಗಿದೆ ಅಮ್ಮ."

ಅಮ್ಮ ಮುಖ ಅರಳಿಸಿಕೊಂಡು ಎರಡು ಕೈಯಿಂದ ಕನ್ನಡಕ ತೆಗೆದು, ಹೊದಿಕೆಯ ಅಂಚಿನಿಂದ ಒರೆಸಿ, ಮಡಚಿ, ಮಗಳ ಕೈಯಲ್ಲಿಟ್ಟಳು.

"ಬೇಡಮ್ಮ! ನಾನು ಸುಮ್ಮನೆ ಅಂದೆ. ಹಾಕ್ಕೊ."

"ಸುಮ್ಮನೆ ಅಂದ್ಯಾ?"

ಆ ದನಿ ಕೇಳಿದ ಮೇಲೆ ಹೌದು ಅನ್ನುವ ಎದೆ ಯಾರಿಗಿದೆ? "ಇಲ್ಲಮ್ಮ. ನಿಜವಾಗಲೂ ಚೆನ್ನಾಗಿದೆ."

"ಹಾಕ್ಕೊ ಮತ್ತೆ. ನೋಡೋಣ."

ಹಾಕಿಕೊಂಡಳು. ದಪ್ಪ ಗಾಜಿನ ಹಿಂದೆ ಅಮ್ಮ ಕಲಸಿಹೋದಳು. ಗಾಜಿಲ್ಲದ ಅಮ್ಮನಿಗೆ ಒಂದು ಮೊಳದ ಆಚೆ ಎಲ್ಲ ಮಂಜು ಎಂಬುದು ಕಣ್ಣಿನ ನಂಬರು ಬರೆದ ಇವಳಿಗಿಂತ ಚೆನ್ನಾಗಿ ಯಾರಿಗೆ ಗೊತ್ತು? ತಾಯಿ ಮಗಳು ಇಬ್ಬರೂ ಒಬ್ಬರಿಗೊಬ್ಬರು ಕಾಣದೆ ಎದುರು ಬದುರು ಕೂತರು.

ವಾಪಸು ಕೊಡಲು ಏನೇನೋ ಮಾಡಿದಳು. ತಲೆದಿಂಬಿನ ಪಕ್ಕ ಇಟ್ಟು ಬಂದರೆ ಅಮ್ಮ ವಾರ್ಡಿನ ಆಯಾಳ ಕೈಲಿ ಕೊಟ್ಟು, "ಮಗಳು ಮರೆತುಹೋಗಿದಾಳೆ, ಕೊಟ್ಟುಬಿಡಮ್ಮ," ಅನ್ನುತ್ತಿದ್ದಳು. ಅಣ್ಣ ಬಂದು ಗದರಿದ. "ಏನಮ್ಮ ಇದು, ಹುಡುಗಾಟ! ಕಣ್ಣು ಕಾಣದೆ ಹೇಗಿರ್ತೀಯ?" ಅಮ್ಮ ಅವನ ದನಿ ಬಂದ ಕಡೆ ತಿರುಗಿ, "ನೀನು ಯಾವತ್ತಾದರೂ ಏನಾದರೂ ಕೇಳಿದ್ಯೇನಪ್ಪ?" ಅಂದಳು. ಅವನು ಲಿಫ್ಟಿನ ಪಕ್ಕದ ಮೂಲೆಯಲ್ಲಿ ನಿಂತು ಗೋಡೆಗೆ ಮುಖ ಹಾಕಿ ಅತ್ತು ಬಂದ.

ಅಮ್ಮನ ಹಳೆಯ ಕನ್ನಡಕ ಹುಡುಕೋಣವೆಂದರೆ ಅದನ್ನು ಯಾರೋ ಚೆನ್ನಾಗಿದೆ ಅಂದು ಯಾವತ್ತೋ ಒಯ್ದಾಗಿತ್ತು. ಹೊಸದು ಮಾಡಿಸೋಣವೆಂದು ಅಂಗಡಿಗೆ ಓಡಿದಳು. ಅಂಥ ಗಾಜು ಅಂಗಡಿಯಲ್ಲಿ ಸಿದ್ಧವಿರುವುದಿಲ್ಲ, ಬೇರೆ ಊರಿನಿಂದ ಬರಬೇಕು. ಮಾಲೀಕರು ಫೋನಿನ ಮೇಲೆ ಫೋನು ಮಾಡಿದರು. ಗಾಜು ಬಂತು, ಅಮ್ಮ ಹೋದ ಮೇಲೆ. ಯಾರಿಗೆ ಹೇಳುವುದು? ಪೊಟ್ಟಣವನ್ನು ಬಿಚ್ಚದೆ ಮಾಲೀಕರೇ ಒಳಗೆ ಎತ್ತಿಟ್ಟರು.

'ಸುಮ್ಮನೆ ಹೀಗೆ' ಅಲ್ಲಿಗೆ ನಿಂತಿತು. ಯಾಕೆ ಬರೆಯುತ್ತಿಲ್ಲ ಎಂದು ಓದುಗರು ಕೇಳುತ್ತಲೇ ಇದ್ದಾರೆ. ಬರೆಯಬೇಕಾದದ್ದು ಇರುವುದು ಒಂದೇ ಸಂಜೆಯ ಮಾತು, ಅದನ್ನು ಬರೆಯಲು ಅವಳಿಗೆ ಇನ್ನೂ ಕೈ ಬಂದಿಲ್ಲ.

ಅದು ಅಮ್ಮನ ಕೊನೆಯ ಸಂಜೆ. ಗಾಜು ಇನ್ನೂ ಬಂದಿಲ್ಲವೆಂದು ತಿಳಿದು, ಅಂಗಡಿಯ ಬಿಳಿ ಕೋಟು ಬಿಚ್ಚುವುದನ್ನೂ ಮರೆತು ಅವಳು ನೇರ ವಾರ್ಡಿಗೆ ಬಂದಿದ್ದಳು. ಬಂದದ್ದು ದಿನಕ್ಕಿಂತ ಬೇಗ. ಅಮ್ಮ ತಲೆ ಹೊರಳಿಸಿ ಬಿಳಿ ಬಣ್ಣ ಕಂಡ ಕಡೆಗೆ ನಕ್ಕಳು.

"ಬಂದ್ಯೇನಮ್ಮ, ಇಂಜೆಕ್ಷನ್ನಾ?"

ಇವಳು ಮಂಚದ ಅಂಚಿಗೆ ಕೂತಳು. ಅಮ್ಮನ ಕೈ ಹಿಡಿದುಕೊಂಡಳು. ನಾಡಿ ನೋಡುತ್ತಿದ್ದಾಳೆ ಎಂದುಕೊಂಡಳೋ ಏನೋ, ಅಮ್ಮ ಕೈಯನ್ನು ಸಡಿಲವಾಗಿ ಬಿಟ್ಟು, ಉಸಿರು ನಡುನಡುವೆ ಎಳೆದುಕೊಳ್ಳುತ್ತಾ ಗುಟ್ಟು ಹೇಳುವ ದನಿಯಲ್ಲಿ ಹೇಳಿದಳು.

"ನನ್ನ ಮಗಳು ಇನ್ನೇನು ಬರ್ತಾಳೆ. ಕನ್ನಡಕ ಎಲ್ಲಿ ಅಜ್ಜಿ ಅಂತ ಕೇಳ್ತಿರ್ತೀಯಲ್ಲ, ಅವಳಿಗೇ ಕೊಟ್ಟಿದ್ದು. ಇಷ್ಟ ಆಯ್ತಂತೆ. ಇಷ್ಟು ವರ್ಷಕ್ಕೆ ನಂದು ಒಂದು ವಸ್ತು ಇಷ್ಟ ಅಂದಳು. ಅವಳು ಹಾಕ್ಕೊಂಡಾಗ ನೀನು ನೋಡಬೇಕಿತ್ತು ಕಣಮ್ಮ. ಎಷ್ಟು ಚೆನ್ನಾಗಿ ಕಾಣ್ತಿದ್ದಳು ಗೊತ್ತಾ!"