ನಾಲ್ಕು ಬೆರಳು ಬಿಟ್ಟ ತೂಬು

ಚಿಕ್ಕಮಾದಯ್ಯ ಹುಟ್ಟಾ ನೀರುಗಂಟಿ. ಅವರಪ್ಪ, ಅವರಜ್ಜ ಎಲ್ಲರೂ ಹೊನ್ನೇಕಟ್ಟೆ ಕೆರೆಯ ತೂಬು ಎತ್ತಿ ಇಳಿಸಿ, ಗದ್ದೆಗಳಿಗೆ ಸರದಿ ಪ್ರಕಾರ ನೀರು ಬಿಟ್ಟವರು. ಆದರೆ ಕೆರೆಯಲ್ಲಿ ನೀರೇ ಇಲ್ಲದ ಮೇಲೆ ನೀರುಗಂಟಿಯನ್ನು ಯಾವನು ಮಾತಾಡಿಸ್ತಾನೆ? ಹನ್ನೆರಡು ವರ್ಷ ಅಗರದ ಕಡೆ ಕೂಲಿಗೆ ಹೋಗಿಬಂದ. ಹೊಳೆ ನೀರನ್ನು ಪೈಪಿನಲ್ಲಿ ತಂದು ಕೆರೆ ತುಂಬಿಸುವ ಯೋಜನೆ ಬಂತು ನೋಡಿ, ಅವತ್ತು ಯಾರನ್ನೂ ಕೇಳದೆ ಗುದ್ದಲಿ ಹೆಗಲಿಗೆ ಹಾಕಿಕೊಂಡು ಏರಿ ಮೇಲೆ ಹೋಗಿ ಕೂತ. ಆಗ ಅವನಿಗೆ ಐವತ್ತೆರಡು ವರ್ಷ.

ಎರಡು ವರ್ಷ ಚೆನ್ನಾಗಿತ್ತು. ಮೂರನೇ ವರ್ಷ ಊರಿನ ದನಗಳು ಗೊರಕೆ ಹೊಡೆಯೋಕೆ ಶುರುಮಾಡಿದವು. ಮಲಗಿದಾಗಲ್ಲ, ನಿಂತಲ್ಲೇ. ಮೂಗಲ್ಲಿ ಕೀವಿನಂಥ ಸಿಂಬಳ, ಉಸಿರಿಗೆ ಒದ್ದಾಟ. ಊರಿನ ದೊಡ್ಡ ರೈತರು ವೃಷಭೇಂದ್ರಪ್ಪನವರು. ಅವರ ಜೋಡಿಯಲ್ಲಿ ಒಂದೆತ್ತು ಕಬ್ಬಿನ ಗಾಡಿ ಎಳೆಯಲಾರದೆ ನಡುರಸ್ತೆಯಲ್ಲೇ ನಿಂತುಬಿಟ್ಟಿತು. ಇನ್ನೇನು ಬೇಕು? ಪೈಪಿನ ನೀರೇ ವಿಷ ಅಂತ ಊರೆಲ್ಲ ಒಂದೇ ಮಾತು. ವೃಷಭೇಂದ್ರಪ್ಪನವರು ಅರ್ಜಿ ಬರೆಸಿ ಎಲ್ಲರ ಸಹಿ ಹಾಕಿಸಿದರು. ಶುಕ್ರವಾರ ಇಂಜಿನಿಯರ್ ಬಂದಾಗ ಕೊಡೋದು, ವಾಲ್ವ್ ಬಂದ್ ಮಾಡಿಸೋದು. ವಾಲ್ವ್ ಬಂದ್ ಆದರೆ ಕೆರೆ ಮತ್ತೆ ಬಯಲು, ಮಾದಯ್ಯ ಮತ್ತೆ ಕೂಲಿ.

ಇಂಥ ಹೊತ್ತಲ್ಲಿ ಅವನ ಜೊತೆ ಕೆರೆ ಸುತ್ತುತ್ತಿದ್ದವಳು ಶಿವರಂಜನಿ. ಕೊಳ್ಳೇಗಾಲದ ರೇಷ್ಮೆ ನೇಯುವವರ ಮನೆ ಮಗಳು. ದನದ ಡಾಕ್ಟರ್ ಓದಿ, ನೀರಾವರಿ ಯೋಜನೆ ಆದ ಕಡೆಯೆಲ್ಲ ಬಸವನಹುಳುವಿನಿಂದ ಹರಡುವ ರೋಗದ ಸಂಶೋಧನೆ ಮಾಡುತ್ತಿದ್ದಳು. ಮಾದಯ್ಯನಿಗೆ ಅವಳು ಬಿಡಿಸಿ ಹೇಳಿದ್ದಳು: ದನದ ಮೂಗಿನ ರಕ್ತನಾಳದೊಳಗೆ ಒಂದು ಹುಳ ಕೂರುತ್ತೆ, ಅದರ ಮೊಟ್ಟೆ ಸಿಂಬಳದ ಜೊತೆ ನೀರಿಗೆ ಬೀಳುತ್ತೆ, ಅದರ ಮರಿ ಬಸವನಹುಳುವಿನ ಹೊಟ್ಟೆ ಸೇರಿ ಬಲಿಯುತ್ತೆ, ಆಮೇಲೆ ಹೊರಗೆ ಬಂದು ನೀರಲ್ಲಿ ನಿಂತ ದನದ ಚರ್ಮ ತೂರಿಕೊಂಡು ಒಳಗೆ ಹೋಗುತ್ತೆ. ಪೈಪಿನ ನೀರು ವಿಷವಲ್ಲ. ಆದರೆ ರೋಗ ಹಿಡಿದ ಬಸವನಹುಳು ಇರುವ ಜಾಗ ತೋರಿಸದೆ ಊರವರು ನಂಬೋದಿಲ್ಲ.

ಹನ್ನೊಂದು ದಿನ ಕೆರೆ ಅಂಚು, ಕಾಲುವೆ ಎಲ್ಲ ಜಾಲಾಡಿದರು. ಹಿಡಿದ ಒಂದೊಂದು ಬಸವನಹುಳುವನ್ನೂ ಒಂದೊಂದು ಗಾಜಿನ ಕೊಳವೆಯ ನೀರಿಗೆ ಹಾಕಿ ಬಿಸಿಲಿಗಿಡೋದು. ರೋಗ ಇದ್ದರೆ ಬಿಸಿಲಿಗೆ ಮರಿ ಹೊರಗೆ ಬರಬೇಕು. ಒಂದರಲ್ಲೂ ಬರಲಿಲ್ಲ. ಮಾದಯ್ಯ ಬಸವನಹುಳುಗಳ ವಂಶವನ್ನೇ ಬೈದ.

ಬುಧವಾರ ಸಂಜೆ ಅವಳು ಸುಮ್ಮನೆ ಕೇಳಿದಳು, ವರ್ಷಪೂರ್ತಿ ನೀರು ನಿಂತು ದನ ಇಳಿಯುವ ಜಾಗ ಇನ್ನೆಲ್ಲಾದರೂ ಇದೆಯಾ ಅಂತ. ತೂಬಿನ ಹಿಂದಿನ ಗುಂಡಿ ಇದೆಯಲ್ಲ ಅಂದ ಮಾದಯ್ಯ, ಜಂಬದಿಂದಲೇ. ತೂಬಿನ ಬಾಯಿ ಮುಚ್ಚುವ ಬಿರಡೆಯನ್ನು ಅವರ ವಂಶದಲ್ಲಿ ಯಾರೂ ಪೂರ್ತಿ ಇಳಿಸಿದವರಲ್ಲ. ಬಾಯಿಲ್ಲದ ಜೀವಕ್ಕೆ ಅಂತ ನಾಲ್ಕು ಬೆರಳು ಸಂದು ಬಿಡೋದು ಅಜ್ಜನ ಕಟ್ಟಳೆ. ಆ ಜಿನುಗು ನೀರು ಗುಂಡಿಯಲ್ಲಿ ನಿಂತು, ದನಗಳು ಕುಡಿದು, ಮೈ ನೆನೆಸಿಕೊಂಡು ಹೋಗುತ್ತಿದ್ದವು. ಹಿಂದೆ ಶಿವರಾತ್ರಿ ಕಳೆದರೆ ಕೆರೆಯೂ ಬತ್ತುತ್ತಿತ್ತು, ಗುಂಡಿಯೂ ಬತ್ತುತ್ತಿತ್ತು. ಈಗ ಕೆರೆ ಬತ್ತೋದೇ ಇಲ್ಲವಲ್ಲ!

ಶಿವರಂಜನಿ ಆಗಲೇ ಏರಿ ಇಳಿದು ಓಡುತ್ತಿದ್ದಳು.

ಗುರುವಾರ ಬೆಳಿಗ್ಗೆ ಗುಂಡಿಯಲ್ಲಿ ಹಿಡಿದ ಬಸವನಹುಳುಗಳ ನಲವತ್ತು ಕೊಳವೆಗಳು ಏರಿ ಮೇಲೆ ಸಾಲಾಗಿ ನಿಂತವು, ಹಿಂದೆ ಕಪ್ಪು ಕಾಗದ. ಬಿಸಿಲು ಏರಿತು. ಮಾದಯ್ಯ ಮೊಣಕಾಲೂರಿ ಒಂದೊಂದಕ್ಕೂ ಕಣ್ಣಿಟ್ಟ. ಹತ್ತೊಂಬತ್ತನೆಯದರಲ್ಲಿ ಬಿಳಿ ಧೂಳಿನಂಥದ್ದು ಮೇಲಕ್ಕೂ ಕೆಳಕ್ಕೂ ಆಡುತ್ತಿತ್ತು.

"ಅವ್ವಾ, ಬಾರವ್ವ ಇಲ್ಲಿ. ನೀರು ಕುಣೀತಾ ಅದೆ."

ಅವಳು ಒಂದು ತೊಟ್ಟು ನೀರನ್ನು ಸೂಕ್ಷ್ಮದರ್ಶಕದಲ್ಲಿಟ್ಟು ನೋಡಿದಳು. ತುದಿಯಲ್ಲಿ ಕವಲೊಡೆದ ಬಾಲ, ಅದೇ ರೋಗದ ಹುಳದ ಮರಿ! ಅವಳು ಕುಣಿದಳು, ಅವನು ಟವಲ್ ತಿರುಗಿಸಿ ಶಿಳ್ಳೆ ಹಾಕಿದ. ಇಪ್ಪತ್ತಾರರಲ್ಲೂ ಇತ್ತು, ಮೂವತ್ತೊಂದರಲ್ಲೂ ಇತ್ತು. ಶಿಳ್ಳೆ ಮುಗಿಯುವ ಹೊತ್ತಿಗೆ ಮಾದಯ್ಯ ಟವಲ್ ಕೆಳಗಿಳಿಸಿದ. ಗುಂಡಿಗೆ ನೀರು ಬಿಟ್ಟ ಕೈ ಯಾವುದು?

ವರದಿಯಲ್ಲಿ ತೂಬಿನ ಸೋರಿಕೆ ಅಂತ ಬರೀತೀನಿ, ನಿಮ್ಮ ಹೆಸರು ಬರೋದಿಲ್ಲ ಅಂದಳು ಶಿವರಂಜನಿ. ಅವನಿಗೆ ಸಿಟ್ಟೇ ಬಂತು. ಸೋರೋ ತೂಬು ಇಟ್ಟುಕೊಂಡವನು ನೀರುಗಂಟಿಯೇ ಅಲ್ಲ.

ಶುಕ್ರವಾರ ಏರಿ ಮೇಲೆ ಊರೇ ನೆರೆದಿತ್ತು. ವೃಷಭೇಂದ್ರಪ್ಪನವರು ಇಂಜಿನಿಯರ್ ಕಡೆ ಅರ್ಜಿ ಚಾಚುವಷ್ಟರಲ್ಲಿ ಮಾದಯ್ಯ ಅಡ್ಡ ನಿಂತು, ಗುಂಡಿ, ಬಸವನಹುಳು, ನಾಲ್ಕು ಬೆರಳು, ಎಲ್ಲ ಒಂದೇ ಉಸಿರಿಗೆ ಹೇಳಿ ಮುಗಿಸಿದ.

"ಅಂಗಾದ್ರೆ ನನ್ನೆತ್ತಿಗೆ ರೋಗ ಅಂಟಿಸ್ದೋನು ನೀನೇನ್ಲಾ?"

"ನಾನೆಯಾ ಬುದ್ದಿ. ನನ್ನ ಎಷ್ಟಾದ್ರೂ ಬೈಯಿರಿ, ನೀರ ಬೈಬ್ಯಾಡಿ. ಮೊದ್ಲು ಇದ್ರೊಳಗೆ ಇಣುಕಿ."

ವೃಷಭೇಂದ್ರಪ್ಪನವರು ಕನ್ನಡಕ ತೆಗೆದು ಸೂಕ್ಷ್ಮದರ್ಶಕದೊಳಗೆ ಇಣುಕಿದರು. ತಲೆ ಎತ್ತಿ ಅರ್ಜಿ ಮಡಿಸಿ ಜೇಬಿಗಿಟ್ಟರು. "ನೀರು ಬರ್ಲಿ ಸಾ," ಅಂದರು ಇಂಜಿನಿಯರಿಗೆ. ಆಮೇಲೆ ಮಾದಯ್ಯನ ಕಡೆ ತಿರುಗಿ, "ನಿಂತ್ಕಂಡು ಏನ್ ನೋಡೀಯೆ, ಮುಚ್ಚು ಓಗು" ಅಂದರು.

ಮಾದಯ್ಯ ಎದೆಮಟ್ಟದ ನೀರಿಗಿಳಿದು ಬಿರಡೆಯನ್ನು ಬುಡಮಟ್ಟ ಜಡಿದ. ಸಂದಿಗೆ ಬಟ್ಟೆ ತುರುಕಿ ಜೇಡಿಮಣ್ಣು ಮೆತ್ತಿದ. ಆಚೆ ಜಿನುಗು ನಿಂತಿತು. ಬರೀ ಒಣಗಿಸಿದರೆ ಬಸವನಹುಳು ಕೆಸರೊಳಗೆ ಅವಿತು ಬದುಕುತ್ತೆ ಅಂತ ಶಿವರಂಜನಿ ಎಚ್ಚರಿಸಿದ್ದಕ್ಕೆ ಗಂಡಸರು ಹೆಂಗಸರು ಗುಂಡಿಯ ನೀರು ಎತ್ತಿಹಾಕಿ, ಮಂಕರಿ ಹಿಡಿದು ಕೆಸರೆಲ್ಲ ಬಾಚಿ ದೂರದ ಬಿಸಿಲಿಗೆ ಸುರಿದರು. ಎತ್ತಿಗೆ ಇಂಜೆಕ್ಷನ್ ಬಿತ್ತು. ಗುಣವಾಗೋಕೆ ದಿನ ಹಿಡಿಯುತ್ತೆ ಅಂದಳು.

ಮಧ್ಯಾಹ್ನ ದನಗಳು ರೂಢಿಯಂತೆ ಇಳಿದು ಬಂದವು. ಬರಿದಾದ ಗುಂಡಿ ಮೂಸಿ, ತಲೆ ಎತ್ತಿ ಮಾದಯ್ಯನನ್ನೇ ನೋಡಿದವು. ಅವನ ಕೈಲಿ ತಡೆಯಲಾಗಲಿಲ್ಲ. ಬಕೆಟ್ ಹಿಡಿದು ಕೆರೆಯಿಂದ ನೀರು ಹೊತ್ತ. ಎರಡನೇ ಸಲ ಏರಿ ಹತ್ತುವಾಗ ಎದುರಿಗೆ ವೃಷಭೇಂದ್ರಪ್ಪನವರು, ಪಂಚೆ ಮೇಲಕ್ಕೆ ಕಟ್ಟಿ, ಅವರೂ ಒಂದು ಬಕೆಟ್ ಹಿಡಿದಿದ್ದರು. ದನಗಳು ಕುಡಿದು ಮುಗಿಸುವಷ್ಟರಲ್ಲಿ, ದನ ನೀರಿಗಿಳಿಯದೆ ಕುಡಿಯೋಕೆ ಸಿಮೆಂಟ್ ತೊಟ್ಟಿ ಎಲ್ಲಿ ಕಟ್ಟಿಸಬೇಕು ಅಂತ ಇಬ್ಬರಿಗೂ ಜೋರು ಜಗಳ ಹತ್ತಿತ್ತು.