ಕೌದಿಯ ನಡು ಮುಟ್ಟುವ ಮಷೀನು

ಬೆಳಕು ಹರಿಯುವ ಮೊದಲೇ ಗಿರಿಜಾ ಕೌದಿಯ ಮೇಲೆ ಕೂತಿದ್ದಾರೆ. ಬರೋಡಾದ ಮಕರಪುರದಲ್ಲಿ ಕಾರ್ಖಾನೆ ಕೆಲಸಗಾರರ ಸಾಲುಮನೆಗಳಿವೆ. ಅದರಲ್ಲಿ ಕೊನೆಯದು ಇವರದು. ಕೌದಿ ಹಾಸಿದರೆ ಆ ಕೋಣೆಯಲ್ಲಿ ನೆಲವೇ ಕಾಣುವುದಿಲ್ಲ. ಹೀಗಾಗಿ ಸ್ಟೋವ್ ಹೊರಗಿನ ಕಟ್ಟೆಗೆ ಹೋಗಿದೆ. ಗಂಡ ಲಿಂಗರಾಜ ಅಲ್ಲಿ ಕೂತು ಚಹಾ ಕುದಿಸುತ್ತಿದ್ದಾರೆ. ಗಿರಿಜಾ ಸೂಜಿ ಚುಚ್ಚುತ್ತಾರೆ, ಎಳೆಯುತ್ತಾರೆ, ನಿಲ್ಲಿಸಿ ಕೈ ಕೊಡವುತ್ತಾರೆ. ಬಲಗೈ ಹೆಬ್ಬೆರಳು ಬದನೆಕಾಯಿಯಂತೆ ಊದಿದೆ.

"ಸಾಕ್ ಮಾಡ. ಡಾಕ್ಟರ್ ಏನ್ ಹೇಳ್ಯಾರ?" ಲಿಂಗರಾಜ ಕಟ್ಟೆಯಿಂದಲೇ ಕೇಳುತ್ತಾರೆ.

"ಹೊಲಿಬ್ಯಾಡ ಅಂದಾರ. ಅವರ ಮನ್ಯಾಗ ಒಂದ್ ಕೌದಿ ಇದ್ದಿದ್ರ ಹಂಗ ಅಂತಿದ್ದಿಲ್ಲ."

ಕೌದಿ ಎಂದರೆ ಹಳೇ ಬಟ್ಟೆಯ ಗಂಟು ಎನ್ನುವ ಜನ ಇದ್ದಾರೆ. ಅವರ ಜೊತೆ ನನಗೆ ಮಾತೇ ಬೇಡ. ಅವರ್‍ಯಾರೂ ಹುಟ್ಟಿದ ದಿನ ರೇಷ್ಮೆಯ ಮೇಲೆ ಮಲಗಿದವರಲ್ಲ. ಉಟ್ಟು ಮೆತ್ತಗಾದ ಹತ್ತಿಯ ಸೀರೆಗಳನ್ನು ಪದರ ಪದರ ಹಾಸಿ, ಅಂಚಿನಿಂದ ಶುರುಮಾಡಿ ಸುತ್ತುತ್ತಾ ಸುತ್ತುತ್ತಾ ನಡುವಿಗೆ ಬರುವುದು ಗಿರಿಜಾ ಅವರ ಹೊಲಿಗೆ. ಒಂದಕ್ಕೆ ತಿಂಗಳು ಬೇಕು. ಈಗ ಹಾಸಿರುವ ಕೌದಿಗೆ ನಡು ಮಾತ್ರ ಬಾಕಿ. ಅಲ್ಲಿಗೆ ಬರುವಷ್ಟರಲ್ಲಿ ಹೆಬ್ಬೆರಳು ಕೈಕೊಟ್ಟಿದೆ.

ಕೌದಿ ನಳಿನಿ ಅವರದು. ಬ್ಯಾಂಕಿನ ವರ್ಗಾವಣೆಯಲ್ಲಿ ಗಂಡನ ಜೊತೆ ಇಲ್ಲಿಗೆ ಬಂದವರು. ಚೊಚ್ಚಲ ಹೆರಿಗೆಗೆ ಬರುವ ವಾರ ಬಾಗಲಕೋಟೆಯ ತವರಿಗೆ ಹೊರಟಿದ್ದಾರೆ. ಅವರ ತಾಯಿ ತಾವು ಉಟ್ಟ ಇಳಕಲ್ ಸೀರೆಗಳನ್ನು ರೈಲಿನಲ್ಲಿ ಪಾರ್ಸೆಲ್ ಮಾಡಿದ್ದಾರೆ. ನಾಲ್ಕು ಮೂಲೆಗೂ ಒಂದೊಂದು ಹೂವು ಬೇಕೆಂಬುದು ನಳಿನಿಯ ಆಸೆ.

ಗಿರಿಜಾ ಲಕ್ಷ್ಮೇಶ್ವರದವರು. ಗಂಡ ಇಲ್ಲಿನ ಕಾರ್ಖಾನೆಯಲ್ಲಿ ಲೇತ್ ಮೇಲೆ ಲೋಹ ಕಡೆಯುವ ಟರ್ನರ್. ಮದುವೆಯಾಗಿ ಬಂದಾಗ ಗುಜರಾತಿ ಬರುತ್ತಿರಲಿಲ್ಲ, ಹೊತ್ತು ಹೋಗುತ್ತಿರಲಿಲ್ಲ. ಸೂಜಿ ಹಿಡಿದರು. ಇಂದು ಬರೋಡಾದ ಕನ್ನಡದ ಮನೆಗಳಲ್ಲಿ ಇವರ ಕೌದಿ ಇಲ್ಲದ ತೊಟ್ಟಿಲು ಕಡಿಮೆ. ಉಡುಪಿ ಹೋಟೆಲಿನ ರಘುರಾಮರಂತೂ ಅಡುಗೆಯವರ ಹಳೇ ಪಂಚೆಗಳನ್ನೆಲ್ಲ ಇವರಿಗೇ ಕಳಿಸುತ್ತಾರೆ.

"ಅವರ ಕೌದಿ ಎಷ್ಟ್ ಒಗದ್ರೂ ಸಾಂಬಾರ್ ವಾಸನಿ ಹೋಗಂಗಿಲ್ರಿ. ಹೊಚ್ಕೊಂಡ್ರ ಹಸಿವಾಗತೈತಿ," ಎಂದು ಗಿರಿಜಾ ನಗುತ್ತಾರೆ.

ಈಚೆಗೆ ಎಲ್ಲರೂ ಸೂರತ್ತಿನ ಪಾಲಿಸ್ಟರ್ ಸೀರೆ ಉಡುತ್ತಾರೆ. ಅದು ಜಾರುತ್ತದೆ, ಕೈಹೊಲಿಗೆ ಅದರಲ್ಲಿ ನಿಲ್ಲುವುದಿಲ್ಲ. ಬೆರಳೂ ಇಲ್ಲ, ಹತ್ತಿಯೂ ಇಲ್ಲ. ಹೊಲಿಗೆ ಮಷೀನು ಸಿಗದಿದ್ದರೆ ಈ ಕೌದಿ ಅರ್ಧಕ್ಕೇ ನಿಲ್ಲುತ್ತದೆ, ಮುಂದಿನವು ಶುರುವಾಗುವುದೇ ಇಲ್ಲ.

ಶನಿವಾರ ಗಿರಿಜಾ ಅವರ ಜೊತೆ ನಾನೂ ಪೇಟೆಯ ಮಷೀನಿನ ಅಂಗಡಿಗೆ ಹೋಗುತ್ತೇನೆ. ಹೊಲಿದಷ್ಟು ಕೌದಿಯನ್ನು ಅವರು ಸುರುಳಿ ಸುತ್ತಿ ಕಂಕುಳಲ್ಲಿ ತಂದಿದ್ದಾರೆ. ಅಂಗಡಿಯವರು ಕರೆಂಟಿನ ಕಸೂತಿ ಮಷೀನು ತೋರಿಸುತ್ತಾರೆ. ಕರ್ಚೀಫಿನ ಮೇಲೆ ಟಕಟಕನೆ ಗುಲಾಬಿ ಅರಳುತ್ತದೆ. ಬೆಲೆ ಲಿಂಗರಾಜರ ಅರ್ಧ ವರ್ಷದ ಸಂಬಳ.

"ಚಂದ ಐತ್ರಿ," ಎನ್ನುತ್ತಾ ಗಿರಿಜಾ ಸುರುಳಿ ಬಿಚ್ಚಿ ಸೂಜಿಯ ಕೆಳಗೆ ತುರುಕುತ್ತಾರೆ. ಅಂಚು ಹೋಗುತ್ತದೆ. ನಡು ಸೂಜಿಗೆ ಸಿಗಬೇಕಾದರೆ ಅರ್ಧ ಕೌದಿ ಮಷೀನಿನ ತೋಳಿನ ಕೆಳಗೆ ತೂರಬೇಕು. ಅಲ್ಲಿರುವುದು ಒಂದು ಗೇಣು ಜಾಗ. ಅಂಗಡಿಯವರು ನಕ್ಕು ಇನ್ನೊಂದು ಮಷೀನು ಇಳಿಸುತ್ತಾರೆ, ಮತ್ತೊಂದು ಇಳಿಸುತ್ತಾರೆ, ತಾವೇ ಅಂಗಿಯ ತೋಳು ಮಡಚಿ ದೂಡುತ್ತಾರೆ. ಕೌದಿ ಹೋಗುವುದಿಲ್ಲ.

"ಬೆನ್," ಎಂದು ಅಕ್ಕನನ್ನು ಕರೆದಂತೆ ಕರೆದು, "ಇವೆಲ್ಲ ರವಿಕೆಯ ಮಷೀನು. ನಿಮಗೆ ಬೇಕಾದದ್ದು ಶಾಮಿಯಾನ ಹೊಲಿಯುವವರದು, ಅದರ ತೋಳು ಉದ್ದ. ನಾಳೆ ಅಹಮದಾಬಾದಿನ ಗುಜರಿ ಬಜಾರಿಗೆ ಹೋಗಿ," ಎನ್ನುತ್ತಾರೆ. ಕೊಳ್ಳದೆ ಎದ್ದವರಿಗೆ ಚಹಾ ಬೇರೆ ತರಿಸುತ್ತಾರೆ. ಇಂಥ ವ್ಯಾಪಾರಿಯನ್ನು ನಾನು ನಮ್ಮ ಕಡೆ ಕಂಡಿಲ್ಲ.

ಭಾನುವಾರದ ಗುಜರಿ ಬಜಾರ್ ಸಾಬರಮತಿಯ ಮರಳಿನ ಮೇಲೆ ಕೂರುತ್ತದೆ. ಮಂಚ, ಬೀಗ, ಸೈಕಲ್ ಚಕ್ರಗಳ ನಡುವೆ ಮೀರಾಬೆನ್ ಎಂಬ ಮುದುಕಿಯ ಹತ್ತಿರ ಒಂದು ಕಪ್ಪು ಮಷೀನು ಇದೆ. ಬಣ್ಣ ಹೋಗಿದೆ, ತೋಳು ಮಾತ್ರ ಮೊಳದುದ್ದ ಚಾಚಿಕೊಂಡಿದೆ. ಗಿರಿಜಾ ಸುರುಳಿ ತೂರಿಸುತ್ತಾರೆ. ಅದು ಈ ಕಡೆ ಹೊಕ್ಕು ಆ ಕಡೆ ಇಣುಕುತ್ತದೆ. ನಡು ಸರಿಯಾಗಿ ಸೂಜಿಯ ಕೆಳಗೆ ಬಂದು ಕೂರುತ್ತದೆ.

ಆದರೆ ಹೂವು? ಕಸೂತಿಗೆ ಬಟ್ಟೆಯನ್ನು ಕೈಯಿಂದ ಬೇಕಾದ ಕಡೆ ತಿರುಗಿಸಬೇಕು. ಅದಕ್ಕೆ ಬಟ್ಟೆಯನ್ನು ಮುಂದೆ ದೂಡುವ ಹಲ್ಲು ಕೆಳಗಿಳಿಯಬೇಕು. ಈ ಮಷೀನಿನ ಹಲ್ಲು ಇಳಿಯುವುದಿಲ್ಲ. ಗಿರಿಜಾ ಮರಳಿನ ಮೇಲೆ ಕೂತುಬಿಡುತ್ತಾರೆ.

ಲಿಂಗರಾಜ ಮೊಣಕಾಲೂರಿ ಹಲ್ಲು ಮುಟ್ಟಿ ನೋಡುತ್ತಾರೆ. "ತೆಳ್ಳನ ತಗಡಿನ ಮುಚ್ಚಳ ಮಾಡಿ ಹಲ್ಲಿನ ಮ್ಯಾಲೆ ಕೂಡಿಸ್ತೀನಿ. ನಡುವ ಸೂಜಿಗೆ ತೂತು. ಆತಲ್ಲ?"

"ಹೋದ ವರ್ಷ ಗಡಿಗಿಗೂ ಮುಚ್ಚಳ ಮಾಡ್ತೀನಿ ಅಂದಿದ್ರಿ. ಇನ್ನೂ ತಾಟ ಮುಚ್ಚಾಕತ್ತೀನಿ."

ಕನ್ನಡ ಬಾರದ ಮೀರಾಬೆನ್‌ಗೂ ಇದು ಗಂಡ ಹೆಂಡಿರ ಮಾತೆಂದು ತಿಳಿಯುತ್ತದೆ, ಬೊಚ್ಚುಬಾಯಿ ಬಿಟ್ಟು ನಗುತ್ತಾರೆ. ಹೊಸ ಸೈಕಲ್ಲಿನ ಬೆಲೆಗೆ ಮಷೀನು ಕುದುರುತ್ತದೆ, ಸ್ಟ್ಯಾಂಡೂ ಸೇರಿ. ವಾಪಸ್ಸು ರೈಲಿನಲ್ಲಿ ಗಿರಿಜಾ ಮಷೀನನ್ನು ಕೌದಿಯಲ್ಲಿ ಸುತ್ತಿ ತೊಡೆಯ ಮೇಲಿಟ್ಟುಕೊಂಡಿದ್ದಾರೆ. ಎದುರಿನ ಹೆಂಗಸು ಮಗು ಎಷ್ಟು ತಿಂಗಳದ್ದು ಎಂದು ಕೇಳುತ್ತಾಳೆ.

ಬುಧವಾರ ನಸುಕು. ರಾತ್ರಿಪಾಳಿ ಮುಗಿಸಿ ಬಂದ ಲಿಂಗರಾಜ ಕೌದಿಯ ಸುರುಳಿಯನ್ನು ಹೆಗಲ ಮೇಲೆ ಹೊತ್ತು ನಿಂತಿದ್ದಾರೆ. ಕೌದಿಯ ಭಾರ ಒಬ್ಬರ ಕೈಗೆ ತಡೆಯುವುದಿಲ್ಲ. ಗಿರಿಜಾ ಮಷೀನಿನ ಪೆಡಲು ತುಳಿಯುತ್ತಾರೆ. ಮೊದಲ ಸೂಜಿ ಪಟ್ಟನೆ ಮುರಿಯುತ್ತದೆ. ದಪ್ಪ ಸೂಜಿ ಹಾಕಿ, ಹೊಲಿಗೆ ಗಟ್ಟಿಯಾಗಿ ಬಿಗಿಯಬಾರದೆಂದು ದಾರ ಸಡಿಲಿಸಿ ಮತ್ತೆ ತುಳಿಯುತ್ತಾರೆ. ಸೂಜಿ ಸೀರೆಗಳ ಪದರವನ್ನೆಲ್ಲ ದಾಟಿ ಹೋಗುತ್ತದೆ. ಲಿಂಗರಾಜ ಸುರುಳಿ ಹೊತ್ತು ತಿರುಗುತ್ತಾರೆ, ನಡುವೆ ತೂಕಡಿಸುತ್ತಾರೆ. "ಎದ್ದೀರೋ, ಮಲಗೀರೋ?" ಎಂದು ಕೇಳಿದಾಗಲೆಲ್ಲ ಕೌದಿ ಜಗ್ಗಿ ನೆಟ್ಟಗಾಗುತ್ತದೆ. ಬಿಸಿಲು ಒಳಗೆ ಬರುವ ಹೊತ್ತಿಗೆ ನಡು ಮುಗಿದಿದೆ.

ಗಂಡ ಮಾಡಿ ತಂದ ತಗಡಿನ ಮುಚ್ಚಳ ಹಾಕಿ ಗಿರಿಜಾ ಮೂಲೆಯಲ್ಲಿ ಕೆಂಪು ದಾರದ ಹೂವು ತೆಗೆಯುತ್ತಾರೆ.

"ಇದು ಗುಲಾಬಿ ಅಲ್ಲ, ಕ್ಯಾಬೀಜ್," ಎನ್ನುತ್ತಾರೆ ಲಿಂಗರಾಜ.

"ಕೂಸಿಗೆ ಗೊತ್ತಾಗಂಗಿಲ್ಲ ಬಿಡ್ರಿ." ನಾಲ್ಕನೇ ಮೂಲೆಯ ಹೊತ್ತಿಗೆ ಅದು ಗುಲಾಬಿಯೇ ಆಗಿದೆ.

ಸಂಜೆ ನಳಿನಿ ಬರುತ್ತಾರೆ. ಬಾಗಲು ಆಗದ ತುಂಬು ಬಸುರಿ, ಕುರ್ಚಿಯ ಮೇಲೆ ಕೂತೇ ಕೌದಿಯನ್ನು ಮಡಿಲಿಗೆಳೆದು ಅಂಗೈ ಆಡಿಸುತ್ತಾರೆ. "ಗಿರಿಜಕ್ಕ, ಇಲ್ಲಿಂದ ಮಷೀನು, ಅಲ್ಲಾ?"

"ಹೌದು ತಂಗಿ. ಇಲ್ಲೀತನಕ ಕೈಬಟ್ಟು ಬಂತು, ಮುಂದ ಮಷೀನ್ ಬಂತು."

"ಎಷ್ಟ್ ಮೆತ್ತಗೈತಿ. ಹಾಸಾಕ ಮನಸ್ಸಾಗಂಗಿಲ್ಲ. ಟ್ರಂಕಿನ್ಯಾಗ ಇಟ್ಕೋತೀನಿ."

ಗಿರಿಜಾ ಮುಖ ಗಂಟಿಕ್ಕುತ್ತಾರೆ. "ಟ್ರಂಕಿನ್ಯಾಗ ಇಡಾಕ ನಾ ಹೊಲದಿಲ್ಲ. ಕೂಸು ಇದರ ಮ್ಯಾಲೆ ಉಚ್ಚಿ ಹೊಯ್ಬೇಕು. ಒಗದು ಬಿಸಲಿಗೆ ಹಾಕು, ಮತ್ತ ಹೊಯ್ಲಿ. ಹರದ್ರ ತೊಗೊಂಡ್ ಬಾ. ಮಷೀನ್ ಐತಿ."